ಕತ್ತಲಲ್ಲಿ ದುಡಿದವರ ಊರು

ಹೋದ ತಿಂಗಳು ಯುಗಾದಿ ಊಟದ ಹೊತ್ತಿಗೆ ನಮ್ಮ ಪಂಕ್ತಿಯಲ್ಲಿ ಒಬ್ಬ ಹುಡುಗ ತನ್ನ ಎಂಬಿಎ ತರಗತಿಯ ಪಾಠ ಹೇಳುತ್ತಿದ್ದ. ಡಿಜಿಟಲ್ ಕ್ಯಾಮೆರಾವನ್ನು ತಾನೇ ಕಂಡುಹಿಡಿದು, ತಾನೇ ಮೂಲೆಗೆ ಸರಿಸಿ ಮುಳುಗಿಹೋದ ಫಿಲ್ಮ್ ಕಂಪನಿ ಕೊಡಕ್ ಅಂತ. ಎದುರಿಗೆ ಕೂತಿದ್ದ ಹಿರಿಯರು ಒಬ್ಬಟ್ಟನ್ನು ಅರ್ಧಕ್ಕೇ ಬಿಟ್ಟು ಸುಮ್ಮನಾದರು. ಇಪ್ಪತ್ತೇಳು ವರ್ಷ ಅವರು ಇಲ್ಲಿನ ಕೊಡಕ್ ಪಾರ್ಕ್ ಎಂಬ ಫಿಲ್ಮ್ ಕಾರ್ಖಾನೆಯಲ್ಲಿ ದುಡಿದವರು. ಹುಡುಗನಿಗೆ ಅದು ಗೊತ್ತಿರಲಿಲ್ಲ. ಅವನಿಗೂ, ನ್ಯೂಯಾರ್ಕ್ ರಾಜ್ಯದ ಈ ರಾಚೆಸ್ಟರಿಗೆ ಈಚೆಗೆ ಬಂದ ಎಲ್ಲರಿಗೂ ಈ ಸಲದ ಮಾತು.

ಜಾರ್ಜ್ ಈಸ್ಟ್‌ಮನ್ ಇದೇ ಊರಿನ ಬ್ಯಾಂಕೊಂದರಲ್ಲಿ ಗುಮಾಸ್ತರಾಗಿದ್ದರು. ಆಗ ಫೋಟೋ ಎಂದರೆ ಗಾಜಿನ ಫಲಕಕ್ಕೆ ನಿಂತಲ್ಲೇ ರಾಸಾಯನಿಕ ಬಳಿದು, ಅದು ಆರುವ ಮುಂಚೆ ಚಿತ್ರ ತೆಗೆದು ತೊಳೆಯಬೇಕಿತ್ತು. ಒಣ ಫಲಕ ಮಾಡುವ ಹಟಕ್ಕೆ ಬಿದ್ದ ಈಸ್ಟ್‌ಮನ್ ಹಗಲು ಬ್ಯಾಂಕಿನಲ್ಲಿ, ರಾತ್ರಿ ಅಮ್ಮನ ಅಡುಗೆಮನೆಯಲ್ಲಿ. 1881ರಲ್ಲಿ ಕಂಪನಿ ಕಟ್ಟಿದರು. 1888ರಲ್ಲಿ ಕೊಡಕ್ ಕ್ಯಾಮೆರಾ ಬಂತು: ಬೆಲೆ 25 ಡಾಲರ್, ಒಳಗೆ 100 ಚಿತ್ರಗಳಿಗಾಗುವಷ್ಟು ಫಿಲ್ಮ್ ಸುರುಳಿ. ಮುಗಿದ ಮೇಲೆ ಕ್ಯಾಮೆರಾವನ್ನೇ ರಾಚೆಸ್ಟರಿಗೆ ಕಳಿಸಿ 10 ಡಾಲರ್ ಕೊಟ್ಟರೆ ಚಿತ್ರಗಳ ಜೊತೆ ಹೊಸ ಸುರುಳಿ ತುಂಬಿಕೊಂಡು ವಾಪಸು ಬರುತ್ತಿತ್ತು. ಗುಂಡಿ ಒತ್ತುವುದು ನಿಮ್ಮದು, ಉಳಿದದ್ದು ನಮ್ಮದು ಎಂಬುದು ಜಾಹೀರಾತು.

ಆ 'ಉಳಿದದ್ದು' ಈ ಊರಿನ ಅನ್ನವಾಯಿತು. ಬೆಳ್ಳಿಯ ಲವಣವನ್ನು ಜೆಲಟಿನ್‌ನಲ್ಲಿ ಬೆರೆಸಿ, ಪದರದ ಮೇಲೆ ಪದರವಾಗಿ ಫಿಲ್ಮಿಗೆ ಸವರುವ ಕೆಲಸ ಕತ್ತಲಲ್ಲೇ ಆಗಬೇಕು. ಗೋಡೆ ಸವರಿಕೊಂಡು ಓಡಾಡುತ್ತಿದ್ದೆವು, ಹೆಜ್ಜೆ ಸಪ್ಪಳದಲ್ಲೇ ಯಾರೆಂದು ಗೊತ್ತಾಗುತ್ತಿತ್ತು ಎನ್ನುತ್ತಾರೆ ನಮ್ಮ ಹಿರಿಯರು. ಇವರ ಎಚ್ಚರ ಎಂಥದ್ದೆಂದರೆ, 1945ರಲ್ಲಿ ಎಕ್ಸ್‌ರೇ ಫಿಲ್ಮಿನ ಮೇಲೆ ಮಚ್ಚೆ ಕಂಡಾಗ ಕೊಡಕ್‌ನ ವಿಜ್ಞಾನಿ ಜೂಲಿಯನ್ ವೆಬ್ ಅದರ ಮೂಲವನ್ನು ಹುಡುಕುತ್ತ ಹೋಗಿ ಫಿಲ್ಮ್ ಕಟ್ಟುವ ರಟ್ಟು ಮಾಡುತ್ತಿದ್ದ ಇಂಡಿಯಾನಾದ ಒಂದು ಗಿರಣಿಗೆ, ಅಲ್ಲಿಂದ ಅಣುಬಾಂಬಿನ ವಿಕಿರಣ ಧೂಳಿಗೆ ತಲುಪಿದರು. ನ್ಯೂ ಮೆಕ್ಸಿಕೋದ ಮೊದಲ ಪರೀಕ್ಷೆಯ ಧೂಳು ಗಾಳಿಯಲ್ಲಿ ಅಷ್ಟು ದೂರ ಬಂದಿತ್ತು.

ಇನ್ನು ಹುಡುಗ ಹೇಳಿದ ಪಾಠ. 1975ರಲ್ಲಿ ಸ್ಟೀವನ್ ಸ್ಯಾಸನ್ ಇಲ್ಲೇ ಡಿಜಿಟಲ್ ಕ್ಯಾಮೆರಾ ಮಾಡಿದ್ದು ನಿಜ. ಒಂದು ಕಪ್ಪುಬಿಳುಪು ಚಿತ್ರ ಕ್ಯಾಸೆಟ್ಟಿನಲ್ಲಿ ದಾಖಲಾಗಲು 23 ಸೆಕೆಂಡು ಬೇಕಿತ್ತು. ಕಂಪನಿ ತಡಮಾಡಿದ್ದೂ ನಿಜ. ಆದರೆ ಕೈಕಟ್ಟಿ ಕೂರಲಿಲ್ಲ: 2005ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಡಿಜಿಟಲ್ ಕ್ಯಾಮೆರಾ ಮಾರಿದ್ದು ಕೊಡಕ್ಕೇ. ಕಷ್ಟ ಬೇರೆ ಕಡೆ ಇತ್ತು. ಫಿಲ್ಮಿನಲ್ಲಿ ಸಿಗುತ್ತಿದ್ದ ಲಾಭ ಕ್ಯಾಮೆರಾದಲ್ಲಿ ಇರಲಿಲ್ಲ, ನೂರು ವರ್ಷದಲ್ಲಿ ಕೈಗೆ ಬಂದ ರಸಾಯನದ ವಿದ್ಯೆಗೆ ಎಲೆಕ್ಟ್ರಾನಿಕ್ ಚಿಪ್‌ಗಳ ಲೋಕದಲ್ಲಿ ಕೆಲಸವಿರಲಿಲ್ಲ. ಅದನ್ನು ದಡ್ಡತನ ಎನ್ನುವುದು ಅನ್ಯಾಯ. 1982ರಲ್ಲಿ ಈ ಊರೊಂದರಲ್ಲೇ 60,000ಕ್ಕೂ ಹೆಚ್ಚು ಜನ ಕೊಡಕ್‌ನಲ್ಲಿದ್ದರು. 2012ರ ಜನವರಿಯಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಮರುವರ್ಷ ಅದರಿಂದ ಹೊರಬಂದು ಇವತ್ತಿಗೂ ಇಲ್ಲಿ ಫಿಲ್ಮ್ ಮಾಡುತ್ತಿದೆ.

ಈಗ ಈ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಜನರಿಗೆ ಕೆಲಸ ಕೊಟ್ಟಿರುವುದು ರಾಚೆಸ್ಟರ್ ವಿಶ್ವವಿದ್ಯಾಲಯ. ನಮ್ಮಲ್ಲಿ ಅನೇಕರು ಬಂದದ್ದು ಅಲ್ಲಿಗೆ, ಅದರ ಆಸ್ಪತ್ರೆಗೆ. ಅದಕ್ಕೂ, ಅದರ ಸಂಗೀತ ಶಾಲೆಗೂ ಕೈತುಂಬ ಹಣ ಕೊಟ್ಟವರು ಅದೇ ಈಸ್ಟ್‌ಮನ್. ಈಸ್ಟ್ ಅವೆನ್ಯೂನಲ್ಲಿರುವ ಅವರ ಮನೆ ಈಗ ಛಾಯಾಗ್ರಹಣದ ಸಂಗ್ರಹಾಲಯ. ಮಕ್ಕಳನ್ನು ಒಮ್ಮೆ ಕರೆದೊಯ್ಯಿರಿ.

ಮೊನ್ನೆ ಹಿರಿಯರು ನಮ್ಮ ಮನೆಗೆ ಮೂರು ಪೆಟ್ಟಿಗೆ ಸ್ಲೈಡು ತಂದರು, ಎಲ್ಲ ಕೊಡಕ್‌ನ ಬಣ್ಣದ ಫಿಲ್ಮ್ ಕೊಡಕ್ರೋಮ್‌ನವು. 1974ರ ರಾಜ್ಯೋತ್ಸವ, ಯಾರದೋ ಮನೆಯ ಬೇಸ್‌ಮೆಂಟು, ರೇಷ್ಮೆ ಸೀರೆಯ ಮೇಲೆ ಸ್ವೆಟರ್ ತೊಟ್ಟ ಹೆಂಗಸರು. ಸೀರೆಯ ಕೆಂಪು ಕೆಂಪಾಗಿಯೇ ಇದೆ. ಅದರಲ್ಲೊಂದನ್ನು ಕೊನೆಯ ಪುಟದಲ್ಲಿ ಹಾಕಿದ್ದೇವೆ. ಮುಂದಿನ ಸಾಲಿನಲ್ಲಿ ಕೂತ ಇಬ್ಬರು ಮಕ್ಕಳ ಹೆಸರು ಅವರಿಗೆ ನೆನಪಾಗಲಿಲ್ಲ. ಗುರುತು ಸಿಕ್ಕವರು ದಯವಿಟ್ಟು ನಮಗೆ ಬರೆದು ತಿಳಿಸಿ.