ಗೇರ್‌ನಲ್ಲಿದ್ದ ಕಾರನ್ನು ಸ್ಟಾರ್ಟ್ ಮಾಡಿದ ನಿಮ್ಮ ರಿಮೋಟ್

ಇಂದ,
ಗಾಳಿಬೀಡು ಕಡೆಯ ನಿಮ್ಮ ಗ್ರಾಹಕಿ,
ಮಡಿಕೇರಿ ತಾಲ್ಲೂಕು, ಕೊಡಗು.

ಗೆ,
ಮಾಲೀಕರು,
ಕಾರ್ ಆಕ್ಸೆಸರೀಸ್ ಅಂಗಡಿ,
ಮೈಸೂರು.

ವಿಷಯ: ನನ್ನ ಕಾರಿಗೆ ನೀವು ಹಾಕಿದ ರಿಮೋಟ್ ಸ್ಟಾರ್ಟ್ ಸೆಟ್ಟನ್ನು (ದೂರದಿಂದಲೇ ಗುಂಡಿ ಒತ್ತಿ ಎಂಜಿನ್ ಶುರುಮಾಡುವ ಸಾಧನ) ಬಿಚ್ಚಿ, ಹಣ ವಾಪಸ್ ಕೊಡುವ ಬಗ್ಗೆ.

ಮಾನ್ಯರೇ,

ದಸರಾ ರಜೆಯಲ್ಲಿ ನಿಮ್ಮ ಅಂಗಡಿಗೆ ಬಂದಿದ್ದೆ. ನೆನಪಿಗೆ ಹೇಳುತ್ತೇನೆ: ಬಿಳಿ ಬಣ್ಣದ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನುವಲ್ ಗೇರ್, ಜೊತೆಗೆ ಮಳೆಯಲ್ಲಿ ನೆನೆದ ಇಬ್ಬರು ಮಕ್ಕಳು. ರಿಮೋಟ್ ಸ್ಟಾರ್ಟ್‌ಗೆ 16,500 ರೂಪಾಯಿ ಕೊಟ್ಟೆ. ಬಿಲ್ಲಿನ ಪ್ರತಿ ಜೊತೆಗಿದೆ.

ಆ ಸೆಟ್ ನನಗೆ ಬೇಕಿತ್ತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಪ್ರಾಥಮಿಕ ಶಾಲೆಯ ಟೀಚರ್. ಬೆಳಿಗ್ಗೆ ಎಂಟಕ್ಕೆಲ್ಲ ಮನೆ ಬಿಡಬೇಕು. ನಮ್ಮ ಕಡೆ ಮಂಜು ಅಂದರೆ ನೀವು ರೆಸಾರ್ಟ್ ಫೋಟೋದಲ್ಲಿ ನೋಡುವ ಮಂಜಲ್ಲ. ಕಾರಿನ ಗಾಜಿನ ಹೊರಗೂ ನೀರು, ಒಳಗೂ ನೀರು. ಒರೆಸಿದರೆ ಮತ್ತೆ ಕವಿಯುತ್ತದೆ. ಎಂಜಿನ್ ಶುರುಮಾಡಿ, ಎಸಿ ಹಾಕಿ, ಗಾಳಿಯನ್ನು ಗಾಜಿನ ಕಡೆ ತಿರುಗಿಸಿ ಐದು ನಿಮಿಷ ಕಾದರೆ ಮಾತ್ರ ರಸ್ತೆ ಕಾಣುತ್ತದೆ. ಆ ಐದು ನಿಮಿಷದಲ್ಲಿ ಮಕ್ಕಳ ಟಿಫಿನ್ ಡಬ್ಬಿ ತುಂಬಬಹುದಲ್ವಾ? ನನ್ನ ಲೆಕ್ಕ ಅಷ್ಟೇ ಇತ್ತು. ಎಂಜಿನ್ ಬಿಸಿಯಾಗಲಿ ಅಂತ ಅಲ್ಲ. ಈಗಿನ ಪೆಟ್ರೋಲ್ ಎಂಜಿನ್‌ಗೆ ಅರ್ಧ ನಿಮಿಷ ಕೊಟ್ಟು ಮೆಲ್ಲಗೆ ಹೊರಟರೆ ಸಾಕು ಅನ್ನೋದು ನನಗೂ ಗೊತ್ತು. ಹತ್ತು ನಿಮಿಷ ಬಿಸಿ ಮಾಡಿದರೆ ಎಂಜಿನ್ ಬಾಳಿಕೆ ಬರುತ್ತದೆ ಎಂದು ನಿಮ್ಮ ಹುಡುಗ ಹೇಳಿದಾಗ ಸುಮ್ಮನಿದ್ದೆ, ಅಷ್ಟೆ.

ಈಗ ನವೆಂಬರ್ ಕೊನೆಯ ಆ ಶನಿವಾರಕ್ಕೆ ಬರುತ್ತೇನೆ.

ಅಲ್ಲಿಯವರೆಗೆ ಕಾರು ಶೆಡ್ಡಿನೊಳಗೆ, ಸಮತಟ್ಟು ನೆಲದ ಮೇಲೆ, ನ್ಯೂಟ್ರಲ್‌ನಲ್ಲಿ ನಿಲ್ಲುತ್ತಿತ್ತು. ಕಾಫಿ ಕೊಯ್ಲು ಶುರುವಾಯಿತು, ಶೆಡ್ಡಿಗೆ ಚೀಲಗಳು ಬಂದವು. ಹಿಂದಿನ ರಾತ್ರಿ ನನ್ನ ಯಜಮಾನರು ಕಾರನ್ನು ಅಂಗಳದಲ್ಲೇ ನಿಲ್ಲಿಸಿದರು. ಅಂಗಳ ಮನೆಯಿಂದ ಕಾಫಿ ಕಣದ ಕಡೆಗೆ ಇಳಿಜಾರು. ಕಾರಿನ ಮುಖ ಮನೆಯ ಕಡೆ. ಒಂದನೇ ಗೇರ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಮಲಗಿದರು. ಬೆಳಿಗ್ಗೆ ನಾನು ಅಡುಗೆಮನೆಯಿಂದಲೇ, ಒಲೆ ಮೇಲೆ ಹಾಲು ಇಟ್ಟುಕೊಂಡು, ರಿಮೋಟ್ ಒತ್ತಿದೆ.

ಕಾರು ಮುಂದಕ್ಕೆ ಹಾರಿತು. ಸ್ಟಾರ್ಟರ್ ಮೋಟಾರ್ ಗೇರ್‌ನಲ್ಲಿದ್ದ ಕಾರನ್ನು ಎಳೆಯಿತು. ಅಷ್ಟರಲ್ಲಿ ಎಂಜಿನ್ ಹತ್ತಿಕೊಂಡು ಇನ್ನೊಂದು ಜಿಗಿತ ಕೊಟ್ಟಿತು. ಕಲ್ಲು ಇದ್ದದ್ದು ಚಕ್ರದ ಹಿಂದೆ, ಹಾಗಾಗಿ ಅದರಿಂದ ಏನೂ ಪ್ರಯೋಜನ ಆಗಲಿಲ್ಲ. ಜಗಲಿಯ ಕೆಳಗಿನ ಮೆಟ್ಟಿಲಿಗೆ ಗುದ್ದಿ ಎಂಜಿನ್ ಬಂದ್ ಆಯಿತು. ಆ ಮೆಟ್ಟಿಲಿನ ಮೇಲೆ, ಜಗಲಿಯಲ್ಲಿ, ನನ್ನ ಮಾವ 'ಶಕ್ತಿ' ಪೇಪರ್ ಹಿಡಿದು ಕೂತಿದ್ದರು. ಅವರಿಗೆ ಎಪ್ಪತ್ತೆಂಟು ವರ್ಷ. ಏಟು ಏನೂ ಆಗಲಿಲ್ಲ, ಕಾಫಿ ಲೋಟ ಮಾತ್ರ ಬಿತ್ತು. ಕಾರಿನೊಳಗೆ ಯಾರೂ ಇಲ್ಲದ್ದನ್ನು ನೋಡಿ ಅವರು ಹೆದರಿದ್ದು ಜಾಸ್ತಿ. ಮೂರು ದಿನ ಜಗಲಿಗೆ ಬಂದು ಕೂರಲಿಲ್ಲ.

ಅದೇ ದಿನ ನಿಮಗೆ ಫೋನ್ ಮಾಡಿದೆ. ನಿಮ್ಮ ಉತ್ತರ: "ಗೇರಲ್ಲಿ ಯಾಕೆ ಬಿಟ್ರಿ ಮೇಡಂ? ನ್ಯೂಟ್ರಲ್‌ನಲ್ಲಿ ಇಡಬೇಕು ಅಂತ ಹೇಳಿದ್ವಲ್ಲಾ?"

ಹೇಳಿದ್ದಿರಿ, ನಿಜ. ಮುಚ್ಚಿಡೋದಿಲ್ಲ. ಆದರೆ ಸ್ವಾಮಿ, ನೀವು ಕೊಡಗಿನ ನಂಬರ್ ಪ್ಲೇಟ್ ನೋಡಿಯೂ ಆ ಮಾತು ಹೇಳಿದಿರಿ. ಇಲ್ಲಿ ಇಳಿಜಾರಿನಲ್ಲಿ ಕಾರು ನಿಲ್ಲಿಸಿದ ಮೇಲೆ ಗೇರ್ ಹಾಕದೆ ಇಳಿಯುವವರು ಯಾರೂ ಇಲ್ಲ. ಏರಿಗೆ ಮುಖ ಇದ್ದರೆ ಒಂದನೇ ಗೇರ್, ಇಳಿಜಾರಿಗೆ ಮುಖ ಇದ್ದರೆ ರಿವರ್ಸ್. ಡ್ರೈವಿಂಗ್ ಕಲಿಸುವಾಗ ಸ್ಟೇರಿಂಗ್ ಹಿಡಿಯುವುದರ ಜೊತೆಗೇ ಇದನ್ನೂ ಕಲಿಸುತ್ತಾರೆ. ಹ್ಯಾಂಡ್‌ಬ್ರೇಕ್ ಒಂದನ್ನೇ ನಂಬುವಂತಿಲ್ಲ. ಮಳೆಗಾಲದಲ್ಲಿ ಅದನ್ನು ಎಳೆದು ಎರಡು ದಿನ ಬಿಟ್ಟರೆ ಒಳಗೆ ತುಕ್ಕು ಹಿಡಿದು ಡ್ರಮ್‌ಗೆ ಅಂಟಿಕೊಳ್ಳುತ್ತದೆ, ಆಮೇಲೆ ಕಾರು ಕದಲುವುದೇ ಇಲ್ಲ. ಅದಕ್ಕೇ ಗೇರ್ ಮತ್ತು ಕಲ್ಲು. ಅಂಥ ಊರಿಗೆ ಹೋಗುವ ಮ್ಯಾನುವಲ್ ಕಾರಿಗೆ, ನ್ಯೂಟ್ರಲ್‌ನಲ್ಲೇ ಬಿಡಬೇಕಾದ ಸಾಮಾನು ಮಾರುವ ಮೊದಲು "ಕಾರು ಎಲ್ಲಿ ನಿಲ್ಲಿಸ್ತೀರಿ?" ಎಂದು ಒಂದು ಮಾತು ಕೇಳಬೇಕಿತ್ತು. ಸೀಟ್ ಕವರ್ ಬಣ್ಣವನ್ನು ಮೂರು ಸಲ ಕೇಳಿದಿರಿ, ಇದನ್ನು ಕೇಳಲಿಲ್ಲ.

ಇಷ್ಟೇ ಆಗಿದ್ದರೆ ತಪ್ಪು ಅರ್ಧ ನಿಮ್ಮದು ಅರ್ಧ ನಮ್ಮದು ಎಂದು ಸುಮ್ಮನಾಗುತ್ತಿದ್ದೆ. ನಮ್ಮ ಮೆಕ್ಯಾನಿಕ್ ಸ್ಟೇರಿಂಗ್ ಕೆಳಗಿನ ಪ್ಲಾಸ್ಟಿಕ್ ಬಿಚ್ಚಿದ ಮೇಲೆ ಸುಮ್ಮನಾಗಲು ಆಗಲಿಲ್ಲ.

ನನ್ನ ಕಾರು ಕ್ಲಚ್ ತುಳಿಯದೆ ಸ್ಟಾರ್ಟ್ ಆಗುತ್ತಿರಲಿಲ್ಲ. ಕಂಪನಿಯವರೇ ಕೊಟ್ಟ ರಕ್ಷಣೆ ಅದು. ಕ್ಲಚ್ ಸ್ವಿಚ್ಚಿನ ಎರಡು ವೈರ್‌ಗಳನ್ನು ನೀವು ಸೇರಿಸಿ ಟೇಪ್ ಸುತ್ತಿದ್ದೀರಿ. ಅಂದರೆ ಕ್ಲಚ್ ಸದಾ ಒತ್ತಿದೆ ಎಂದೇ ಕಾರು ತಿಳಿದುಕೊಂಡಿದೆ. ಈಗ ನನ್ನ ಹತ್ತು ವರ್ಷದ ಮಗ ಸುಮ್ನೆ ಕೀ ತಿರುಗಿಸಿದರೂ ಗೇರ್‌ನಲ್ಲಿರುವ ಕಾರು ಹಾರುತ್ತದೆ, ರಿಮೋಟೇ ಬೇಕಿಲ್ಲ. ಎರಡನೆಯದು, ಸೆಟ್ಟಿನಿಂದ ಹ್ಯಾಂಡ್‌ಬ್ರೇಕ್‌ಗೆ ಹೋಗಬೇಕಾದ ವೈರನ್ನು ನೇರ ಕಾರಿನ ಲೋಹದ ಮೈಗೆ ಅರ್ತ್ ಮಾಡಿದ್ದೀರಿ. ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಒಂದೇ, ಎಳೆಯದಿದ್ದರೂ ಒಂದೇ. ಬಾಗಿಲಿನ ವೈರ್ ಸೇರಿಸಿಯೇ ಇಲ್ಲ.

ಮ್ಯಾನುವಲ್ ಕಾರಿಗೆ ಇದನ್ನು ಸರಿಯಾಗಿ ಹಾಕುವ ಕ್ರಮ ಬೇರೆ ಇದೆಯಂತೆ. ಎಂಜಿನ್ ಓಡುತ್ತಿರುವಾಗಲೇ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಕೀ ತೆಗೆದು (ಆಗಲೂ ಸೆಟ್ ಎಂಜಿನ್ ಓಡಿಸುತ್ತಿರುತ್ತದೆ), ಕೆಳಗಿಳಿದು ಬಾಗಿಲು ಹಾಕಬೇಕು. ಆಮೇಲೆ ಎಂಜಿನ್ ತಾನೇ ನಿಲ್ಲುತ್ತದೆ. ಗೇರ್‌ನಲ್ಲಿದ್ದರೆ ಕ್ಲಚ್ ಬಿಟ್ಟು ಇಳಿಯುವಾಗಲೇ ಎಂಜಿನ್ ಬಂದ್ ಆಗಿರುತ್ತದೆ, ಹಾಗಾಗಿ ನ್ಯೂಟ್ರಲ್ ಎನ್ನುವುದು ಖಾತ್ರಿ. ನಂತರ ಯಾರಾದರೂ ಒಂದು ಬಾಗಿಲು ತೆಗೆದರೂ ಆ ಖಾತ್ರಿ ರದ್ದು, ರಿಮೋಟ್ ಒತ್ತಿದರೂ ಕಾರು ಶುರುವಾಗದು. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ನೋಡಿ. ಗಂಡ ಓಡಿಸಿ ನಿಲ್ಲಿಸಿದ ಕಾರನ್ನು ಹೆಂಡತಿ ರಿಮೋಟ್‌ನಿಂದ ಶುರುಮಾಡುವ ಮನೆಗಳಿಗೆಂದೇ ಮಾಡಿದ ಹಾಗಿದೆ. ಅದೆಲ್ಲವನ್ನೂ ನೀವು ಒಂದು ಗಂಟೆ ಕೆಲಸ ಉಳಿಸಲು ದಾಟಿ ಹೋದಿರಿ. "ಗ್ರಾಹಕರಿಗೆ ಆ ಕ್ರಮ ಕಿರಿಕಿರಿ ಆಗುತ್ತೆ" ಎಂದು ಫೋನಿನಲ್ಲಿ ನೀವೇ ಹೇಳಿದಿರಿ. ಆ ಕಿರಿಕಿರಿ ಬೇಕೋ ಬೇಡವೋ ಎಂದು ನನ್ನನ್ನು ಕೇಳಿದ್ದಿರಾ?

ಬಾನೆಟ್‌ಗೆ ಸ್ವಿಚ್ ಹಾಕಿಲ್ಲ. ಬಾನೆಟ್ ತೆರೆದಿದ್ದರೆ ಎಂಜಿನ್ ಶುರುವಾಗದಂತೆ ತಡೆಯುವ ಸಣ್ಣ ಸ್ವಿಚ್ ಅದು. ತೋಟದ ಮನೆಗಳಲ್ಲಿ ಇಲಿ ಕಾಟ ಎಷ್ಟಿದೆ ಎಂದು ನಿಮಗೆ ಗೊತ್ತಿರಲಿಕ್ಕಿಲ್ಲ. ವೈರ್ ಕಡಿದಿದೆಯಾ ಎಂದು ನಮ್ಮವರು ಎರಡು ದಿನಕ್ಕೊಮ್ಮೆ ಬಾನೆಟ್ ಎತ್ತಿ ಕೈ ಹಾಕುತ್ತಾರೆ. ಕೈ ಇರುವುದು ಬೆಲ್ಟ್ ಮತ್ತು ಫ್ಯಾನ್ ಹತ್ತಿರ, ರಿಮೋಟ್ ಇರುವುದು ಅವರದೇ ಪ್ಯಾಂಟ್ ಜೇಬಿನಲ್ಲಿ. ಬಗ್ಗಿದಾಗ ಗುಂಡಿ ಒತ್ತಿದರೆ ಏನಾಗುತ್ತದೆ ಎಂದು ನೀವೇ ಯೋಚಿಸಿ.

ಇನ್ನು ಆ ಕೀ. ನನ್ನ ಎರಡು ಕೀಗಳಲ್ಲಿ ಒಂದನ್ನು "ಪ್ರೋಗ್ರಾಮಿಂಗ್‌ಗೆ ಬೇಕು" ಎಂದು ತೆಗೆದುಕೊಂಡಿರಿ. ವಾಪಸ್ ಕೇಳಿದಾಗ "ಸಿಸ್ಟಮ್ ಒಳಗೇ ಇರಬೇಕು ಮೇಡಂ" ಅಂದಿರಿ. ಒಳಗೆ ಅಂದರೆ ಎಲ್ಲೋ ಕಂಪ್ಯೂಟರ್ ಒಳಗೆ ಅಂದುಕೊಂಡಿದ್ದೆ, ನನ್ನ ದಡ್ಡತನ. ಅದು ಡ್ಯಾಶ್‌ಬೋರ್ಡ್ ಕೆಳಗೆ ಕಪ್ಪು ಟೇಪಿನಲ್ಲಿ ಸುತ್ತಿಕೊಂಡು ನೇತಾಡುತ್ತಿತ್ತು. ಕೀ ಒಳಗಿನ ಚಿಪ್ ಗುರುತು ಸಿಗದೆ ಎಂಜಿನ್ ಶುರುವಾಗಬಾರದು, ಕಳ್ಳತನ ತಡೆಯಲು ಇರುವ ಇಮೊಬಿಲೈಸರ್ ಕೆಲಸವೇ ಅದು. ಚಿಪ್ ಇರುವ ಕೀಯನ್ನೇ ಕಾರಿನೊಳಗೆ ಬಿಟ್ಟರೆ ಕಳ್ಳನಿಗೆ ಇನ್ನೇನು ಬೇಕು? ಗಾಜು ಒಡೆದು ಕೈ ಹಾಕಿದರೆ ಸಾಕು. ಮನೆ ಬಾಗಿಲಿಗೆ ಬೀಗ ಹಾಕಿ ಕೀಯನ್ನು ಅದೇ ಬಾಗಿಲ ಮೊಳೆಗೆ ನೇತುಹಾಕಿದಂತೆ ಮಾಡಿದ್ದೀರಿ.

ನಮ್ಮ ಶೆಡ್ಡಿನ ಮಾತೂ ಹೇಳಬೇಕು. ಅದು ಅತ್ತೆಯ ಕೋಣೆಗೆ ಅಂಟಿಕೊಂಡಿದೆ. ಮಳೆ ಗಾಳಿಗೆಂದು ಮೂರು ಕಡೆ ತಗಡು, ಜೂನ್‌ನಿಂದ ನಾಲ್ಕನೇ ಕಡೆಗೂ ಟಾರ್ಪಾಲು. ಎಂಜಿನ್ ಬಿಡುವ ವಿಷಗಾಳಿ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಎಂಜಿನ್ ತಣ್ಣಗಿರುವಾಗ ಅದು ಇನ್ನೂ ಜಾಸ್ತಿ ಬರುತ್ತದೆ, ಸೈಲೆನ್ಸರ್ ದಾರಿಯಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾಗುವ ತನಕ ಸರಿಯಾಗಿ ಕೆಲಸ ಮಾಡುವುದಿಲ್ಲ. ಚಳಿಗೆ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗಬಾರದು ಎಂದು ಹಿರಿಯರು ಬೈಯುವುದು ಇದೇ ಗಾಳಿಗೆ. ನಿಮ್ಮ ಸೆಟ್ ಒಮ್ಮೆ ಶುರುವಾದರೆ 25 ನಿಮಿಷ ಓಡುವಂತೆ ಇಟ್ಟಿದ್ದೀರಿ. ಕಾರು ಕಂಪನಿಗಳು ತಾವೇ ಕೊಡುವ ರಿಮೋಟ್ ಸ್ಟಾರ್ಟ್ ಸಾಮಾನ್ಯವಾಗಿ ಹತ್ತು ನಿಮಿಷಕ್ಕೆ ತಾನೇ ನಿಲ್ಲುತ್ತದೆ. ನಿಮ್ಮ ರಿಮೋಟ್‌ನಲ್ಲಿ ಕಾರು ಓಡುತ್ತಿದೆಯೋ ಇಲ್ಲವೋ ಎಂದು ತೋರಿಸುವ ದೀಪವೂ ಇಲ್ಲ. ರಾತ್ರಿ ಮಗುವಿನ ಕೈಗೆ ಸಿಕ್ಕಿ ಒತ್ತಿದರೆ, ಮಳೆಯ ಸದ್ದಿನಲ್ಲಿ ಎಂಜಿನ್ ಸದ್ದು ಯಾರಿಗೆ ಕೇಳುತ್ತದೆ? ಒಂದೂವರೆ ತಿಂಗಳು ನಾನು ಅದೇ ಶೆಡ್ಡಿನೊಳಗೆ ದಿನಾ ಬೆಳಿಗ್ಗೆ ಎಂಜಿನ್ ಓಡಿಸಿದ್ದೇನೆ. ಅದನ್ನು ನೆನೆದರೆ ನಿಮಗಿಂತ ನನ್ನ ಮೇಲೇ ಸಿಟ್ಟು ಬರುತ್ತದೆ. ನೀವು ಕೊಟ್ಟ ಪುಟ್ಟ ಚೀಟಿಯಲ್ಲಿ ಬ್ಯಾಟರಿ ಬದಲಿಸುವುದು ಹೇಗೆ ಎಂದಿದೆ, ಮುಚ್ಚಿದ ಜಾಗದಲ್ಲಿ ಓಡಿಸಬೇಡಿ ಎಂದು ಒಂದು ಸಾಲೂ ಇಲ್ಲ.

ಇನ್ನೊಂದು. "ಶಾಲೆ ಬಿಡೋ ಮೊದಲು ಕ್ಲಾಸಿಂದಲೇ ಸ್ಟಾರ್ಟ್ ಮಾಡಿಬಿಡಿ ಮೇಡಂ, ಮುನ್ನೂರು ಮೀಟರ್ ರೇಂಜ್ ಇದೆ" ಎಂದು ನಿಮ್ಮ ಹುಡುಗ ಉತ್ಸಾಹದಿಂದ ಹೇಳಿದ. ನಮ್ಮ ಶಾಲೆಯಲ್ಲಿ ಕಾರು ನಿಲ್ಲುವುದು ಗೇಟಿನ ಹೊರಗೆ, ರಸ್ತೆ ಬದಿಯಲ್ಲಿ. ಬೆಲ್ ಹೊಡೆದ ತಕ್ಷಣ ಮಕ್ಕಳು ಅದರ ಸುತ್ತ ಇರುತ್ತಾರೆ, ಬಾನೆಟ್‌ಗೆ ಒರಗಿ ಬೂಟಿನ ಲೇಸ್ ಕಟ್ಟುತ್ತಾರೆ. ಕಾನೂನೂ ಅದಕ್ಕೆ ಒಪ್ಪುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಂ ಓದಿ ನೋಡಿ. ಸಾರ್ವಜನಿಕ ಜಾಗದಲ್ಲಿ ವಾಹನ ನಿಂತಿದ್ದರೆ, ಒಂದೋ ಲೈಸೆನ್ಸ್ ಇರುವವರು ಡ್ರೈವರ್ ಸೀಟಿನಲ್ಲಿ ಇರಬೇಕು, ಇಲ್ಲವೇ ಎಂಜಿನ್ ನಿಲ್ಲಿಸಿ, ಡ್ರೈವರ್ ಇಲ್ಲದಾಗ ಅದು ತಾನಾಗಿ ಹೊರಡದಂತೆ ಬ್ರೇಕ್ ಹಾಕಿರಬೇಕು ಅನ್ನುವುದು ಅದರ ತಾತ್ಪರ್ಯ. ಅಂದರೆ ಇದು ಮನೆಯ ಅಂಗಳಕ್ಕೆ ಸರಿ, ರಸ್ತೆಗಲ್ಲ. ಮಾರುವವರು ಇದನ್ನು ಹೇಳಬೇಕಲ್ವಾ?

ರಿಮೋಟ್ ಸ್ಟಾರ್ಟೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ನನ್ನ ಅಕ್ಕನ ಕಾರು ಆಟೋಮ್ಯಾಟಿಕ್, ಕಂಪನಿಯಿಂದಲೇ ಈ ಸೌಲಭ್ಯ ಬಂದಿದೆ. ಗೇರ್ 'ಪಿ'ಯಲ್ಲಿ (ಪಾರ್ಕ್) ಇಲ್ಲದಿದ್ದರೆ ಅದು ಶುರುವಾಗುವುದೇ ಇಲ್ಲ. ಬಾಗಿಲು ಲಾಕ್ ಆಗಿಯೇ ಇರುತ್ತದೆ. ಕೀ ಇಲ್ಲದವರು ಒಳಗೆ ನುಗ್ಗಿ ಬ್ರೇಕ್ ತುಳಿದರೆ ಎಂಜಿನ್ ಬಂದ್. ಫೋನ್ ಆ್ಯಪ್‌ನಿಂದ ಶುರುಮಾಡುವುದು ಮಾತ್ರ ಮಳೆಗಾಲದಲ್ಲಿ ನೆಟ್‌ವರ್ಕ್ ಹೋದಾಗ ನಡೆಯುವುದಿಲ್ಲ ಎಂದು ಅವಳ ಗೊಣಗಾಟ. ಅವಳ ಗಾಜು ಸ್ವಚ್ಛವಾಗಿರುವುದನ್ನು ನೋಡಿಯೇ ನನಗೆ ಆಸೆ ಹುಟ್ಟಿದ್ದು.

ನಷ್ಟದ ಲೆಕ್ಕ ಬೇಗ ಮುಗಿಸುತ್ತೇನೆ. ಬಂಪರ್, ಹೆಡ್‌ಲೈಟ್ ಮತ್ತು ರೇಡಿಯೇಟರ್‌ಗೆ 21,300 ರೂಪಾಯಿ. ಮೆಟ್ಟಿಲಿನ ಕಲ್ಲು ಹಳೆಯದು, ಅದಕ್ಕೆ ಏನೂ ಆಗಿಲ್ಲ. ಇನ್ಶೂರೆನ್ಸ್‌ಗೆ ಹೋಗಿಲ್ಲ, ವೈರಿಂಗ್ ಬದಲಾಯಿಸಿದ್ದನ್ನು ಅವರಿಗೆ ತಿಳಿಸಿರಲಿಲ್ಲ. ಕಂಪನಿಯ ಸರ್ವಿಸ್ ಸೆಂಟರ್‌ನವರು ಕತ್ತರಿಸಿದ ವೈರ್‌ಗಳನ್ನು ನೋಡಿ, ಎಲೆಕ್ಟ್ರಿಕಲ್ ಭಾಗಕ್ಕೆ ಇನ್ನು ವಾರಂಟಿ ಸಿಗದು ಎಂದರು. "ವಾರಂಟಿಗೆ ಏನೂ ತೊಂದರೆ ಇಲ್ಲ" ಎಂದು ನೀವು ವಾಟ್ಸ್ಯಾಪ್‌ನಲ್ಲಿ ಬರೆದಿದ್ದು ನನ್ನ ಬಳಿ ಇದೆ.

ನನಗೆ ಬೇಕಾದ್ದು ಇಷ್ಟು. ಸೆಟ್ ಪೂರ್ತಿ ತೆಗೆದು, ಕ್ಲಚ್ ಸ್ವಿಚ್ ಸೇರಿದಂತೆ ಎಲ್ಲ ವೈರಿಂಗ್ ಮೊದಲಿನಂತೆ ಮಾಡಿಕೊಡಬೇಕು, ಅದೂ ನಾನು ಹೇಳುವ ಸರ್ವಿಸ್ ಸೆಂಟರ್‌ನಲ್ಲಿ, ನಿಮ್ಮ ಖರ್ಚಿನಲ್ಲಿ. ಯಾವ ಯಾವ ವೈರ್ ಕತ್ತರಿಸಿದ್ದೀರಿ ಎಂದು ಬರೆದು ಸಹಿ ಹಾಕಿ ಕೊಡಬೇಕು. 16,500 ಮತ್ತು 21,300, ಎರಡೂ ಸೇರಿ 37,800 ರೂಪಾಯಿ ವಾಪಸ್ ಬರಬೇಕು. ನಮ್ಮ ಕಡೆಯವರು ಬೇರೆ ಯಾರಾದರೂ ಈ ಸೆಟ್ ಹಾಕಿಸಿಕೊಂಡಿದ್ದರೆ ಅವರಿಗೆಲ್ಲ ಫೋನ್ ಮಾಡಿ ತಿಳಿಸಿ. ಹಣಕ್ಕಿಂತ ಮೊದಲು ಆ ಕೆಲಸ ಮಾಡಿ.

ಈ ಪತ್ರ ತಲುಪಿದ ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾನು ಇರುವ ಊರಿನಲ್ಲೇ ದೂರು ಕೊಡಬಹುದು, ಮೈಸೂರಿಗೆ ಅಲೆಯಬೇಕಿಲ್ಲ. 1915 ಸಹಾಯವಾಣಿಗೂ ಕರೆ ಮಾಡುತ್ತೇನೆ. ಬಿಲ್, ವೈರ್‌ಗಳ ಫೋಟೋ, ಟೇಪಿನಲ್ಲಿ ಸುತ್ತಿದ ಕೀ ಫೋಟೋ, ರಿಪೇರಿ ರಸೀದಿ, ವಾಟ್ಸ್ಯಾಪ್ ಮಾತುಕತೆಯ ಪ್ರತಿ, ಎಲ್ಲ ಇದರ ಜೊತೆಗಿದೆ.

ಇತಿ,
ನಿಮ್ಮ ಗ್ರಾಹಕಿ

ವಿ.ಸೂ.: ಮೆಕ್ಯಾನಿಕ್ ನಿಮ್ಮ ಸೆಟ್ಟಿನ ಫ್ಯೂಸ್ ಕಿತ್ತಿಟ್ಟಿದ್ದಾರೆ, ಕೀಯನ್ನು ಬಿಚ್ಚಿ ಮನೆಯೊಳಗೆ ಇಟ್ಟುಕೊಂಡಿದ್ದೇನೆ. ನಿಮ್ಮ ಹುಡುಗನನ್ನು ಕಳಿಸುವುದಾದರೆ ಭಾನುವಾರ ಕಳಿಸಿ. ಕರೆಂಟ್ ಹೋದರೆ ಇಲ್ಲಿ ಫೋನ್ ಸಿಗುವುದಿಲ್ಲ, ಹಾಗಾಗಿ ಉತ್ತರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಹಾಕಿ. ಅಂಗಳದಲ್ಲಿ ಗಾಡಿ ನಿಲ್ಲಿಸುವಾಗ ಗೇರ್ ಹಾಕಿ ಇಳಿಯಲು ಅವನಿಗೆ ಹೇಳಿ.