ನೋಡದ್ದನ್ನು ಬರೆಯಬೇಡ, ಮಗಳೇ

ಪ್ರೀತಿಯ ಮಗಳೇ,

"ದೊಡ್ಡವರು ಹೇಳಿದ ಹಾಗೆ ಕೇಳು ಎಂದು ಕಲಿಸಿದವಳು ನೀನೇ ಅಲ್ಲವೇ ಅಮ್ಮ?" ಎಂದು ನಿನ್ನೆ ರಾತ್ರಿ ಸಿಟ್ಟಿನಿಂದ ಕೇಳಿ ಫೋನ್ ಇಟ್ಟುಬಿಟ್ಟೆ. ಹೌದು, ನಾನೇ. ಆದರೂ, ರೋಗಿಯ ನೋಡದ ರಕ್ತದೊತ್ತಡವನ್ನು ನೋಡಿದಂತೆ ಚಾರ್ಟಿನಲ್ಲಿ ತುಂಬು ಎಂದು ವಾರ್ಡಿನಲ್ಲಿ ನಿನ್ನ ಮೇಲಿನ ನರ್ಸ್ ಹೇಳಿದರೆ ತುಂಬಬೇಡ. ಇದನ್ನೇ ಮೊದಲು ಬರೆದಿದ್ದೇನೆ. ಉಳಿದದ್ದನ್ನು ಬಿಡುವಾದಾಗ ಓದು.

ಹರಿಹರದ ಆರೋಗ್ಯಮಾತೆ ಮರಿಯಾ ದೇವಾಲಯದ ಹಬ್ಬ, ಸೆಪ್ಟೆಂಬರ್ 8. ಆ ದೇವಾಲಯಕ್ಕೆ 2019ರಲ್ಲಿ ಪೋಪರಿಂದ ಬಸಿಲಿಕಾ ಎಂಬ ವಿಶೇಷ ಗೌರವ ಸಿಗುವುದಕ್ಕೆ ಎಷ್ಟೋ ವರ್ಷ ಹಿಂದಿನ ಮಾತು. ನೀನಿನ್ನೂ ಚಿಕ್ಕವಳು, ಮೊದಲ ಪರಮಪ್ರಸಾದ ಸ್ವೀಕರಿಸಿರಲಿಲ್ಲ. ಆ ಜನಜಂಗುಳಿಯಲ್ಲಿ ನಿನ್ನನ್ನು ಒಂದು ಕಂಬದ ಬಳಿ ನಿಲ್ಲಿಸಿ, "ನಾನು ಬರುವವರೆಗೆ ಕದಲಬೇಡ" ಎಂದು ಹೇಳಿ ಮೇಣದಬತ್ತಿ ತರಲು ಹೋದೆ. ಮಳೆ ಸುರಿಯಿತು. ಬಂದು ನೋಡಿದರೆ ನೀನು ತೊಯ್ದು ತೊಪ್ಪೆಯಾಗಿ ಅದೇ ಕಂಬಕ್ಕೆ ಒರಗಿ ನಿಂತಿದ್ದೆ. ನಾಲ್ಕು ಹೆಜ್ಜೆ ಆಚೆ ಅಂಗಡಿಯ ತಗಡಿನ ಸೂರಿತ್ತು. ಅಂಗಡಿಯವಳು ಎಷ್ಟು ಕರೆದರೂ ನೀನು ಹೋಗಲಿಲ್ಲವಂತೆ. ನನ್ನ ಮಗಳು ಎಂಥವಳು ನೋಡಿ ಎಂದು ದಾವಣಗೆರೆಯ ನೆಂಟರಿಗೆಲ್ಲ ಹೇಳಿಕೊಂಡು ಬೀಗಿದೆ.

ನಿನ್ನೆ ರಾತ್ರಿಯೆಲ್ಲ ಅದೇ ಕಂಬ, ಅದೇ ತಗಡು, ನೀಲಿಗಟ್ಟಿದ ನಿನ್ನ ತುಟಿ. ಆ ಹೆಂಗಸು ಕರೆದಾಗ ನಿನ್ನ ಮನಸ್ಸಿನಲ್ಲಿ ಏನಿತ್ತು? ಕದಲಿದರೆ ಅಮ್ಮ ಬೈಯುತ್ತಾಳೆ ಎಂದೇ? ಕದಲಿದರೆ ಅಮ್ಮ ಹುಡುಕಿ ಗಾಬರಿಯಾಗುತ್ತಾಳೆ ಎಂದೇ? ಎರಡನೆಯದಾಗಿದ್ದರೆ ಅದು ವಿಧೇಯತೆ. ಮೊದಲನೆಯದು ಬರೀ ಭಯ, ಅದನ್ನು ಯಾರು ಬೇಕಾದರೂ ಬಳಸಿಕೊಳ್ಳಬಹುದು. ಯಾವುದೆಂದು ನಿನ್ನನ್ನು ಒಮ್ಮೆಯೂ ಕೇಳಲಿಲ್ಲವಲ್ಲ ಎಂಬ ಸಂಕಟ ಬಿಡುತ್ತಿಲ್ಲ.

ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯ ತೆಗೆದು ನೋಡು. ಹನ್ನೆರಡು ವರ್ಷದ ಯೇಸು ಜೆರುಸಲೇಮಿನ ದೇವಾಲಯದಲ್ಲೇ ಉಳಿದುಬಿಡುತ್ತಾರೆ. ಮಾತೆ ಮರಿಯಾ, ಸಂತ ಜೋಸೆಫ್ ಹುಡುಕಿ ಬಳಲುತ್ತಾರೆ. ತಂದೆಯಾದ ದೇವರ ಮನೆಯಲ್ಲಿ ಇರಬೇಕಾದವನು ನಾನು ಎಂಬ ಉತ್ತರ ಸಿಗುತ್ತದೆ. ಅದರ ಬೆನ್ನಿಗೇ, ನಜರೇತಿಗೆ ಹಿಂದಿರುಗಿ ಅವರಿಗೆ ವಿಧೇಯರಾಗಿದ್ದರು ಎಂದಿದೆ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ, 2217ನೆಯ ಪರಿಚ್ಛೇದದಲ್ಲಿ, ಮಕ್ಕಳು ಹೆತ್ತವರ ಮಾತು ಕೇಳಬೇಕು ಎನ್ನುತ್ತದೆ. ಹೇಳಿದ್ದನ್ನು ಪಾಲಿಸುವುದು ತಪ್ಪೆಂದು ಆತ್ಮಸಾಕ್ಷಿಗೆ ಖಚಿತವಾದರೆ ಪಾಲಿಸಕೂಡದು ಎಂದೂ ಅಲ್ಲೇ ಇದೆ. ಹೆತ್ತ ನನಗೇ ಈ ಮಿತಿಯಿರುವಾಗ ವಾರ್ಡಿನ ಹಿರಿಯ ನರ್ಸಿಗೆ ಇಲ್ಲವೇ?

ಹಾಗೆಂದು ಎಲ್ಲದಕ್ಕೂ ಎದುರಾಡಬೇಡ. ಬೇಸರದ ಪಾಳಿ ಕೊಟ್ಟರೆ ಮಾಡು, ಹಾಸಿಗೆ ಬದಲಿಸು ಎಂದರೆ ಗೊಣಗದೆ ಬದಲಿಸು. ಭಾನುವಾರ ಬಿಡುವಿಲ್ಲದಿದ್ದರೆ ಶನಿವಾರ ಸಂಜೆ ಚರ್ಚಿನ ಬಲಿಪೂಜೆಗೆ ಹೋಗು, ಅದೂ ಭಾನುವಾರದ ಪೂಜೆಯಾಗಿ ಸಲ್ಲುತ್ತದೆ. ಮಲಗುವ ಮುನ್ನ ಆತ್ಮಶೋಧನೆ ಬಿಡಬೇಡ. ಇವೆಲ್ಲ ನಿನಗೆ ಗೊತ್ತಿರುವುದೇ, ಆದರೂ ಬರೆಯದಿರಲಾರೆ.

ಆ ಹಿರಿಯ ನರ್ಸಿನ ಮುಂದೆ ದನಿ ಏರಿಸಬೇಡ. "ಈಗಲೇ ಹೋಗಿ ನೋಡಿ ಬರೆಯುತ್ತೇನೆ" ಎಂದಷ್ಟೇ ಹೇಳಿ ರೋಗಿಯ ಬಳಿ ಹೋಗು. ಕೆಲಸ ಹೋಗುತ್ತದೆಂಬ ಭಯ ನಿನಗಿಂತ ನನಗೇ ಹೆಚ್ಚು. ಶಿಕ್ಷಣ ಸಾಲದ ಕಂತುಗಳು ಇನ್ನೂ ಬಾಕಿ ಇವೆ. ಹೋದರೆ ಹೋಗಲಿ, ದಾವಣಗೆರೆಯಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ ಎಂದು ನಿನ್ನ ಅಪ್ಪ ಹೇಳುತ್ತಿದ್ದಾರೆ. ಸಿಟ್ಟಿನಲ್ಲೂ ನನ್ನನ್ನೇ ಕೇಳಿದೆಯಲ್ಲ, ಅದಕ್ಕೆ ಹೆಮ್ಮೆಯಿದೆ.

ಪಾಳಿ ಮುಗಿದ ಕೂಡಲೇ ಫೋನ್ ಮಾಡು. ಆ ರೋಗಿ ಹೇಗಿದ್ದಾರೆ ಎಂದು ಮೊದಲು ಹೇಳು.

ನಿನ್ನ ಅಮ್ಮ