ಜಾಥಾ ಸಾಕು, ಪಾಠ ಬೇಕು

ಮಾನ್ಯರೇ,

ಚುನಾವಣೆ ಬಂತೆಂದರೆ ಪ್ರೌಢಶಾಲೆ ಮಕ್ಕಳ ಪಾಲಿಗೆ ಬರುವುದು ಬಿಸಿಲಲ್ಲಿ ಒಂದು ಜಾಥಾ, ಒಂದಿಷ್ಟು ಘೋಷಣೆ ಅಷ್ಟೇ. ತರಗತಿಯಲ್ಲಿ ಅದರ ಮಾತೇ ಇಲ್ಲ. ರಾಜಕೀಯ ಮಾತಾಡಿದರೆ ಯಾರಾದರೂ ದೂರು ಕೊಟ್ಟಾರು ಎಂಬ ಅಂಜಿಕೆ ಶಿಕ್ಷಕರಿಗೆ. ಆ ಅಂಜಿಕೆ ಸುಮ್ನೆ ಹುಟ್ಟಿದ್ದೂ ಅಲ್ಲ ಬಿಡಿ.

ಆದರೆ ಪಕ್ಷದ ಹೆಸರೆತ್ತದೆಯೂ ಕಲಿಸಬಹುದು. 1951-52ರ ಮೊದಲ ಮಹಾಚುನಾವಣೆಯಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರು ಮತದಾರರ ಪಟ್ಟಿಯಿಂದ ಬಿಟ್ಟುಹೋಯಿತು. ಕಾರಣ, ಅವರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರು. ಇದನ್ನು ಹೇಳಿ, ಮನೆಯಲ್ಲಿರುವ ಅಜ್ಜಿಯ ಹೆಸರು ಈಗಿನ ಪಟ್ಟಿಯಲ್ಲಿ ಸರಿಯಾಗಿದೆಯೇ ನೋಡಿಕೊಂಡು ಬನ್ನಿ ಎಂದರೆ ಇತಿಹಾಸ, ಪೌರನೀತಿ ಎರಡೂ ಒಂದೇ ಪೀರಿಯಡ್‌ನಲ್ಲಿ ಆಗುತ್ತದೆ, ಅಲ್ವಾ? ಮತ ಹಾಕಿದವರ ಬೆರಳಿಗೆ ಹಚ್ಚುವ ಶಾಯಿ 1962ರಿಂದ ನಮ್ಮ ಮೈಸೂರಿನ ಕಾರ್ಖಾನೆಯಿಂದಲೇ ಹೋಗುತ್ತಿದೆ ಎಂಬುದೂ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ.

ಹತ್ತನೇ ತರಗತಿಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ವಿಧಾನಸಭೆ ಅಭ್ಯರ್ಥಿಗಳು ಆಸ್ತಿ, ಸಾಲ, ಓದು, ಕ್ರಿಮಿನಲ್ ಪ್ರಕರಣಗಳ ಬಗ್ಗೆ ಕೊಡುವ ಪ್ರಮಾಣಪತ್ರಗಳು ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರಿಗಾದರೂ ಸಿಗುತ್ತವೆ. ಬೇರೆ ಜಿಲ್ಲೆಯ, ಹಳೆಯ ಚುನಾವಣೆಯ ಎರಡು ಪ್ರತಿ ತೆಗೆದು, ಹೆಸರು ಮತ್ತು ಪಕ್ಷ ಮುಚ್ಚಿ ಓದಲು ಕೊಡಲಿ. ಏನು ಕೇಳಬೇಕೆಂದು ಮಕ್ಕಳಿಗೇ ಹೊಳೆಯುತ್ತದೆ.

ಶಿಕ್ಷಣ ಇಲಾಖೆ ಇಂಥ ಮೂರ್ನಾಲ್ಕು ಚಟುವಟಿಕೆಗಳನ್ನು ಸುತ್ತೋಲೆಯಲ್ಲೇ ಬರೆದು ಕಳಿಸಲಿ. ಆಗ ಶಿಕ್ಷಕರು ಧೈರ್ಯವಾಗಿ ಪಾಠ ಮಾಡಬಹುದು.

– ಒಬ್ಬ ಪೋಷಕ, ತಿಪಟೂರು